ಬ್ಯಾಂಡಿನವರಿಗಾಗಿ ಬರೆದ ಮಾಸ್ಲಾಂಕಾ

ಬ್ಯಾಂಡು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಮದುವೆಯ ಮೆರವಣಿಗೆ. ಕೆಂಪು ಕೋಟು, ಭುಜದ ಮೇಲೆ ಜರಿ ಕುಚ್ಚು, ದೀಪದ ಬೆಳಕಿಗೆ ಹೊಳೆಯುವ ಹಿತ್ತಾಳೆಯ ತುತ್ತೂರಿ. ಮುಂದೆ ಹುಡುಗರು ಕುಣಿಯುತ್ತಾರೆ, ಹಿಂದೆ ಹೆಂಗಸರು ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು "ಇನ್ನೂ ಎಷ್ಟು ಹೊತ್ತು ಊದ್ತಾರಪ್ಪ ಇವರು" ಅಂತ ಗೊಣಗುತ್ತಾರೆ. ಊದುವವರ ಮುಖವನ್ನು ಯಾರೂ ನೋಡುವುದಿಲ್ಲ. ಮರುದಿನ ಸಂತೆಯಲ್ಲಿ ಎದುರಾದರೆ ಗುರುತು ಸಿಕ್ಕುವುದೂ ಇಲ್ಲ.

ಇಂಥ ಊದುವವರಿಗಾಗಿಯೇ, ಅದರಲ್ಲೂ ಶಾಲೆ ಕಾಲೇಜುಗಳಲ್ಲಿ ಊದುವ ಮಕ್ಕಳಿಗಾಗಿ, ಡಾಕ್ಟರೇಟ್ ಪಡೆದ ಸಂಗೀತ ವಿದ್ವಾಂಸರೊಬ್ಬರು ತಮ್ಮ ದುಡಿಮೆಯ ದೊಡ್ಡ ಪಾಲನ್ನು ಕೊಟ್ಟರು ಎಂದರೆ ಸೋದರಿಯರು ನಂಬುವಿರಾ? ಅವರ ಹೆಸರು ಡೇವಿಡ್ ಮಾಸ್ಲಾಂಕಾ. ಅಮೆರಿಕದವರು. 1943ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. ನೂರೈವತ್ತಕ್ಕೂ ಹೆಚ್ಚು ಕೃತಿ ರಚಿಸಿದ್ದಾರಂತೆ. ಅದರಲ್ಲಿ ಹತ್ತು ಸಿಂಫನಿಗಳು, ಆ ಹತ್ತರಲ್ಲಿ ಎಂಟು ಬರೀ ಬ್ಯಾಂಡಿಗೆ! ಸಿಂಫನಿ ಎಂದರೆ ಅರ್ಧ ಮುಕ್ಕಾಲು ಗಂಟೆ ನಡೆಯುವ ದೊಡ್ಡ ರಚನೆ. ಪಿಟೀಲುಗಳು ಸಾಲಾಗಿ ಕೂತು ನುಡಿಸುವ ದೊಡ್ಡ ಮೇಳಕ್ಕೆ ಅದನ್ನು ಬರೆಯುವುದು ಅಲ್ಲಿಯ ವಾಡಿಕೆ. ಬ್ಯಾಂಡಿಗೆ ಸಿಂಫನಿ ಬರೆಯುವುದೆಂದರೆ ಹೆಚ್ಚು ಕಡಿಮೆ ನಮ್ಮ ಮದುವೆ ಬ್ಯಾಂಡಿನವರಿಗೆ ಪಂಚರತ್ನ ಕೀರ್ತನೆ ಒಪ್ಪಿಸಿದ ಹಾಗೆ.

ಎಸ್ಸೆಸ್ಸೆಲ್ಸಿ ಮುಗಿಸಿ ಅಡುಗೆಮನೆ ಸೇರಿದ ನನಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅದಕ್ಕೆ ನನ್ನ ತಂಗಿಯ ಮಗ ಕಾರಣ. 2023ರ ಜನವರಿಯಲ್ಲಿ ತಂಗಿಗೆ ಗರ್ಭಕೋಶದ ಆಪರೇಷನ್ ಆಯಿತು. ಅವಳಿರುವುದು ಅಮೆರಿಕದ ಟೆಕ್ಸಾಸಿನಲ್ಲಿ. "ಅಕ್ಕಾ, ಒಂದು ನಾಲ್ಕು ತಿಂಗಳು ಬಂದು ಅನ್ನ ಸಾರು ಮಾಡಿ ಹಾಕೇ" ಅಂತ ಅತ್ತುಕೊಂಡು ಫೋನ್ ಮಾಡಿದಳು. ನಮ್ಮ ಯಜಮಾನರು ದೊಡ್ಡ ಮನಸ್ಸು ಮಾಡಿ ಕಳಿಸಿಕೊಟ್ಟರು. (ನಾಲ್ಕು ತಿಂಗಳು ಅವರು ಬರೀ ಉಪ್ಪಿಟ್ಟು ತಿಂದ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ.)

ಅಲ್ಲಿ ಹೋಗಿ ನೋಡಿದರೆ ಆ ಮನೆಯಲ್ಲಿ ಒಂದು ಶೀತಲ ಯುದ್ಧ ನಡೆಯುತ್ತಿತ್ತು. ಹದಿನಾರು ವರ್ಷದ ಹುಡುಗ ಹೈಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾನೆ. ದಿನಾ ಬೆಳಿಗ್ಗೆ ಏಳು ಗಂಟೆಗೆಲ್ಲ ಅಭ್ಯಾಸಕ್ಕೆ ಹೋಗುತ್ತಾನೆ, ಸಂಜೆ ಬಂದು ಮತ್ತೆ ಊದುತ್ತಾನೆ. ತಂಗಿಗೆ ಅದು ಬಿಲ್ಕುಲ್ ಬೇಡ. ಮುಂದಿನ ವರ್ಷ ಬ್ಯಾಂಡು ಬಿಟ್ಟು ಕಂಪ್ಯೂಟರಿನ ಯಾವುದೋ ವಿಷಯ ತಗೋ ಅಂತ ಅವಳು, ಬಿಡೋದಿಲ್ಲ ಅಂತ ಅವನು. ಅವಳ ಗಂಡ ಎರಡೂ ಕಡೆಗೆ ತಲೆಯಾಡಿಸಿ ಆಫೀಸಿಗೆ ಹೋಗಿಬಿಡುತ್ತಿದ್ದರು.

ಹೊರಗಿನವರಿಗೆ ಇದು ಮಾರ್ಕ್ಸಿನ ಜಗಳದಂತೆ ಕಾಣಬಹುದು. ನನಗೆ ಮಾತ್ರ ಒಳಗುಟ್ಟು ಗೊತ್ತು. ನಮ್ಮ ತಂದೆ ಕ್ಲಾರಿನೆಟ್ ನುಡಿಸುತ್ತಿದ್ದರು. ತಿಪಟೂರಿನ ಕಡೆ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಇಪ್ಪತ್ತೆಂಟು ವರ್ಷ ಊದಿದರು. ಲಗ್ನದ ದಿನಗಳಲ್ಲಿ ಕೈತುಂಬ ಕೆಲಸ, ಆಷಾಢ ಬಂತೆಂದರೆ ಮನೆಯಲ್ಲಿ ಹುರುಳಿ ಸಾರೇ ಗತಿ. ತಂಗಿಗೆ ಎಂಟು ವರ್ಷವಿದ್ದಾಗ ಹಟ ಮಾಡಿ ಅಪ್ಪನ ಜೊತೆ ಒಂದು ಮದುವೆಗೆ ಹೋಗಿದ್ದಳು. ಯಾವ ಊರು, ಯಾರ ಮದುವೆ ಅಂತ ಈಗ ಬೇಡ. ಬ್ಯಾಂಡಿನವರ ಪಂಕ್ತಿ ಕಟ್ಟಕಡೆಗೆ, ಅದೂ ಚತ್ರದ ಹಿಂದೆ, ಪಾತ್ರೆ ತೊಳೆಯುವ ಜಾಗದಲ್ಲಿ. ಪಾಯಸ ಮುಗಿದಿತ್ತು. ಸಾರಿಗೆ ಬಿಸಿನೀರು ಸುರಿದು ಬಡಿಸಿದರಂತೆ. ಅಪ್ಪ ಏನೂ ಆಗಿಲ್ಲವೆಂಬಂತೆ ಉಂಡು ಎದ್ದರು. ಮಗು ಉಣ್ಣಲಿಲ್ಲ. ಅವಳು ಮುಂದೆ ಓದಿ ಇಂಜಿನಿಯರಾಗಿ ಅಮೆರಿಕ ಸೇರಿದ್ದರ ಹಿಂದೆ ಆ ನೀರು ಸಾರು ಇದೆ ಎಂದು ನನ್ನ ಅಂದಾಜು. "ನಮ್ಮನೇಲಿ ಒಬ್ಬರು ಊದಿದ್ದು ಸಾಕು" ಎನ್ನುತ್ತಿದ್ದಳು. ಮಗನಿಗೆ ಆ ಕಥೆ ಹೇಳಿರಲಿಲ್ಲ.

ಹುಡುಗ ಆ ದಿನಗಳಲ್ಲಿ ಒಂದು ಕಷ್ಟದ ಕೃತಿಯನ್ನು ತಿದ್ದುತ್ತಿದ್ದ. ನಾನು ತರಕಾರಿ ಹೆಚ್ಚುತ್ತ ಕೇಳುತ್ತಿದ್ದೆ. ಒಂದೇ ಜಾಗದಲ್ಲಿ ದಿನವೂ ಎಡವುತ್ತಿದ್ದ. "ಇದು ಯಾರದ್ದೋ ಮರಿ, ಇಷ್ಟು ಉದ್ದ ಉಸಿರು ಕೇಳುತ್ತಲ್ಲ?" ಅಂದೆ. ಉಸಿರಿನ ಮಾತು ದೊಡ್ಡಮ್ಮನಿಗೆ ಹೇಗೆ ಗೊತ್ತು ಅಂತ ಅವನಿಗೆ ಆಶ್ಚರ್ಯ. ಅಲ್ಲಿಂದ ಶುರುವಾಯಿತು ನಮ್ಮ ಮಾಸ್ಲಾಂಕಾ ಪಾಠ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅವನು ಒಂದೊಂದು ಕೃತಿ ಕೇಳಿಸುವನು, ಅವರ ಬಗ್ಗೆ ಇದ್ದದ್ದನ್ನು ಓದಿ ತನ್ನ ಅರೆಬರೆ ಕನ್ನಡದಲ್ಲಿ ಹೇಳುವನು. ಊರಿಗೆ ಬಂದ ಮೇಲೂ ನಾನು ಕೇಳುವುದು ಬಿಟ್ಟಿಲ್ಲ.

ಮೊದಲು ಆ ಬ್ಯಾಂಡಿನ ವಿಷಯ ಎರಡು ಮಾತು. ಅಲ್ಲಿಯ ಬ್ಯಾಂಡಿನಲ್ಲಿ ಪಿಟೀಲುಗಳಿರುವುದಿಲ್ಲ. ಕೊಳಲು, ಓಬೋ, ಕ್ಲಾರಿನೆಟ್ಟು, ಸ್ಯಾಕ್ಸೊಫೋನು, ಹಾರ್ನು, ಟ್ರಂಪೆಟ್ಟು, ಟ್ರಾಂಬೋನು, ಟ್ಯೂಬಾ, ಹೀಗೆ ಉಸಿರಿನಿಂದ ನುಡಿಸುವ ವಾದ್ಯಗಳೇ ಮುಖ್ಯ. ಜೊತೆಗೆ ತಮಟೆ ನಗಾರಿಯ ಜಾತಿಯವು. ಹುಟ್ಟಿದ್ದು ಸೈನ್ಯದ ಕವಾಯತಿನಲ್ಲಿ. ಜಾನ್ ಫಿಲಿಪ್ ಸೂಸಾ ಎಂಬುವರು 1880ರಿಂದ 1892ರವರೆಗೆ ಅಮೆರಿಕದ ಮರೀನ್ ಪಡೆಯ ಬ್ಯಾಂಡನ್ನು ನಡೆಸಿ, ಆಮೇಲೆ ಸ್ವಂತ ಬ್ಯಾಂಡು ಕಟ್ಟಿ ದೇಶವೆಲ್ಲ ಸುತ್ತಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಶಾಲೆಗಳಲ್ಲಿ ಬ್ಯಾಂಡು ಹಬ್ಬಿತು. 1923ರಲ್ಲಿ ಶಿಕಾಗೊದಲ್ಲಿ ಶಾಲಾ ಬ್ಯಾಂಡುಗಳ ಮೊದಲ ರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಈಗ ಅಲ್ಲಿ ಗಣಿತ ವಿಜ್ಞಾನದ ಹಾಗೆ ಬ್ಯಾಂಡೂ ಒಂದು ಪಿರಿಯಡ್ಡು, ಅದಕ್ಕೆ ಸಂಬಳದ ಮೇಷ್ಟ್ರು.

ಆದರೂ ದೊಡ್ಡ ದೊಡ್ಡ ಸಂಗೀತಗಾರರ ಕಣ್ಣಿಗೆ ಬ್ಯಾಂಡು ಅಷ್ಟಕ್ಕಷ್ಟೇ. ಕವಾಯತಿಗೆ, ಫುಟ್‌ಬಾಲ್ ಆಟಕ್ಕೆ ಸರಿ, ಗಂಭೀರ ಸಂಗೀತಕ್ಕೆಲ್ಲಿ ಅಂತ. 1952ರಲ್ಲಿ ಫ್ರೆಡ್ರಿಕ್ ಫೆನೆಲ್ ಎಂಬುವರು ರಾಚೆಸ್ಟರ್ ಊರಿನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಹೊಸ ಪದ್ಧತಿ ತಂದರು. ಒಂದೊಂದು ಸಾಲನ್ನು ಹತ್ತು ಜನ ಒಟ್ಟಿಗೆ ಊದಿ ಗದ್ದಲ ಮಾಡುವ ಬದಲು ಒಬ್ಬೊಬ್ಬರೇ ನುಡಿಸಬೇಕು, ಪ್ರತಿ ವಾದ್ಯದ ದನಿಯೂ ಬೇರೆಬೇರೆಯಾಗಿ ಕೇಳಬೇಕು ಅಂತ. ಅಲ್ಲಿಂದೀಚೆಗೆ ಬ್ಯಾಂಡಿಗೂ ಒಂದು ಮರ್ಯಾದೆ ಬರತೊಡಗಿತು. ಮಾಸ್ಲಾಂಕಾ ಅವರಿಗೆ ದಾರಿ ಹೀಗೆ ಸಿದ್ಧವಾಗಿತ್ತು.

ಅವರು ಹುಟ್ಟಿದ್ದು ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡ್‌ನಲ್ಲಿ. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಗೆ ಹೆಸರಾದ ಬಂದರು, ಆಮೇಲೆ ಬಟ್ಟೆ ಗಿರಣಿಗಳ ಊರು. ಹುಡುಗನಾಗಿದ್ದಾಗ ಇವರೂ ನುಡಿಸುತ್ತಿದ್ದದ್ದು ಕ್ಲಾರಿನೆಟ್ಟೇ! ಓಬರ್ಲಿನ್ ಕಾಲೇಜಿನಲ್ಲಿ ಓದು, ನಡುವೆ ಒಂದು ವರ್ಷ ಆಸ್ಟ್ರಿಯಾದ ಸಾಲ್ಸ್‌ಬರ್ಗಿನಲ್ಲಿ, ಅನಂತರ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಡಾಕ್ಟರೇಟು. ಎಲ್ಲರಂತೆ ಕಾಲೇಜು ಮೇಷ್ಟ್ರಾದರು. ನ್ಯೂಯಾರ್ಕ್ ರಾಜ್ಯದಲ್ಲಿ ಒಂದಾದ ಮೇಲೊಂದರಂತೆ ನಾಲ್ಕು ಕಾಲೇಜುಗಳಲ್ಲಿ ಪಾಠ ಹೇಳಿದರು.

ಅವರ ಹೆಸರು ಎದ್ದು ಕಂಡದ್ದು 1981ರ ಒಂದು ಕೃತಿಯಿಂದ. ಅದರ ಹಿಂದಿನ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರ್ಲ್ ಯೂಂಗ್ ಎಂಬ ಮನೋವೈದ್ಯರ ಹೆಸರು ಕೆಲವರು ಕೇಳಿರಬಹುದು, ಕನಸುಗಳ ಅರ್ಥ ಹುಡುಕಿದವರು. ಅವರು ತಮ್ಮ ಪುಸ್ತಕದಲ್ಲಿ ಒಂದು ಹೆಣ್ಣುಮಗುವಿನ ವಿಷಯ ಬರೆದಿದ್ದಾರೆ. ಹತ್ತು ವರ್ಷದ ಆ ಮಗು ಕ್ರಿಸ್‌ಮಸ್ ಹಬ್ಬಕ್ಕೆ ತನ್ನ ತಂದೆಗೆ, ಆತನೂ ಮನೋವೈದ್ಯ, ಕೈಯಲ್ಲೇ ಬರೆದ ಒಂದು ಪುಟ್ಟ ಪುಸ್ತಕವನ್ನು ಉಡುಗೊರೆ ಕೊಟ್ಟಿತು. ಎಂಟು ವರ್ಷದವಳಿದ್ದಾಗ ಕಂಡ ಹನ್ನೆರಡು ಕನಸುಗಳು ಅದರಲ್ಲಿದ್ದವು. ಮಗುವಿನ ಕನಸು ಅನ್ನಿಸುವಂಥವಲ್ಲ ಅವು. ಪುಟ್ಟ ಪುಟ್ಟ ಪ್ರಾಣಿಗಳು ಬೆಳೆದು ಬೆಳೆದು ಅವಳನ್ನೇ ನುಂಗುತ್ತವೆ. ಒಂದು ಹನಿ ನೀರಿನೊಳಗೆ ಮರದ ಕೊಂಬೆಗಳು ತುಂಬಿವೆ, ಲೋಕ ಹುಟ್ಟಿದ್ದೇ ಹೀಗೆ ಅಂತ ತೋರುತ್ತದೆ. ಸ್ವರ್ಗಕ್ಕೆ ಹೋದರೆ ಅಲ್ಲಿ ಏನೋ ಕಾಡುಕುಣಿತ, ನರಕಕ್ಕಿಳಿದರೆ ಅಲ್ಲಿ ದೇವತೆಗಳು ಒಳ್ಳೆಯ ಕೆಲಸ ಮಾಡುತ್ತಿರುತ್ತಾರೆ. ತಂದೆಗೆ ಇದರ ತಲೆಬುಡ ಹರಿಯಲಿಲ್ಲ, ಯೂಂಗ್ ಅವರ ಹತ್ತಿರ ಒಯ್ದರು. ಆ ಕ್ರಿಸ್‌ಮಸ್ ಆಗಿ ಒಂದು ವರ್ಷದ ಸುಮಾರಿಗೆ ಮಗು ಕಾಯಿಲೆಯಿಂದ ತೀರಿಕೊಂಡಿತು. ಸಾವು ಬರುವ ನೆರಳು ಆ ಕನಸುಗಳಲ್ಲಿ ಮೊದಲೇ ಬಿದ್ದಿತ್ತು ಎನ್ನುತ್ತಾರೆ ಯೂಂಗ್.

ಆ ಹನ್ನೆರಡರಲ್ಲಿ ಐದನ್ನು ಆರಿಸಿ ಮಾಸ್ಲಾಂಕಾ ಬ್ಯಾಂಡಿಗೆ ಬರೆದರು. 'ಎ ಚೈಲ್ಡ್ಸ್ ಗಾರ್ಡನ್ ಆಫ್ ಡ್ರೀಮ್ಸ್' ಎಂದು ಹೆಸರು. ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಬ್ಯಾಂಡಿನ ಮುಖ್ಯಸ್ಥ ಜಾನ್ ಪೇಂಟರ್ ಮತ್ತು ಅವರ ಪತ್ನಿ ಮರಿಯೆಟ್ಟಾ ಇದನ್ನು ಬರೆಸಿದರು. ಗಂಡ ಹೆಂಡತಿ ಸೇರಿ ಸಂಗೀತ ಬರೆಸಿದ್ದು! ನಾವು ಸೇರಿ ಬರೆಸುವುದೆಂದರೆ ಹೆಚ್ಚೆಂದರೆ ದಿನಸಿ ಚೀಟಿ.

ಕೇಳಲು ಅದು ಸಲೀಸಲ್ಲ. ಕೆಲವು ಕಡೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು, ತಂಗಿ ರೂಮಿನಿಂದ "ಏನೇ ಅದು ಗಲಾಟೆ" ಅಂತ ಕೂಗಿದಳು. ಮಾಸ್ಲಾಂಕಾ ಬರೆದದ್ದೆಲ್ಲ ನನಗೆ ಹಿಡಿಸಿತು ಅಂದರೆ ಸುಳ್ಳಾದೀತು. ಅವರ ದೊಡ್ಡ ಕೃತಿಗಳಲ್ಲಿ ನಗಾರಿ ಜಾಗಟೆಗಳ ಅಬ್ಬರ ಸ್ವಲ್ಪ ಅತಿಯಾಯಿತೇನೋ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ನೀರಿನ ಹನಿಯ ಭಾಗ ಬಂದಾಗ ಇಡೀ ಮೇಳ ಉಸಿರು ಬಿಗಿಹಿಡಿದು ಕೂತ ಹಾಗಿರುತ್ತದೆ. ಅಷ್ಟು ಜನ ಊದುವವರು ಅಷ್ಟು ಮೆಲ್ಲಗೆ ಊದಬಲ್ಲರು ಎಂಬುದು ಬ್ಯಾಂಡಿನವನ ಮಗಳಾದ ನನಗೂ ಹೊಸದು. ಅಪ್ಪನಿಗೆ ಯಾರೂ ಮೆಲ್ಲಗೆ ಊದು ಅಂತ ಹೇಳಿರಲಿಲ್ಲ. "ಇನ್ನೂ ಜೋರಾಗಿ ಊದ್ರೋ, ದುಡ್ಡು ಕೊಟ್ಟಿಲ್ವಾ" ಅಂತಲೇ ಹೇಳುತ್ತಿದ್ದರು.

1990ರಲ್ಲಿ ಅವರು ಮಾಡಿದ ಕೆಲಸವನ್ನು ನಮ್ಮ ಕಡೆ ಯಾರಾದರೂ ಮಾಡಿದರೆ ಹುಚ್ಚು ಅನ್ನುತ್ತೇವೆ. ನಲವತ್ತಾರು ದಾಟಿದೆ, ಹೆಂಡತಿ ಇದ್ದಾರೆ, ಮಕ್ಕಳಿದ್ದಾರೆ. ಕಾಲೇಜಿನ ಕೆಲಸ ಬಿಟ್ಟು, ನ್ಯೂಯಾರ್ಕ್ ಬಿಟ್ಟು, ಸಂಸಾರ ಸಮೇತ ದೇಶದ ಇನ್ನೊಂದು ಕಡೆ ಮೊಂಟಾನ ರಾಜ್ಯದ ಮಿಸೌಲಾ ಊರಿಗೆ ಹೋಗಿಬಿಟ್ಟರು. ಸುತ್ತ ಬೆಟ್ಟ, ಊರ ನಡುವೆ ಕ್ಲಾರ್ಕ್ ಫೋರ್ಕ್ ಎಂಬ ನದಿ. ಇನ್ನು ಮೇಲೆ ಸಂಗೀತ ಬರೆದೇ ಜೀವನ ಅಂತ ತೀರ್ಮಾನ. ತಿಂಗಳ ಮೊದಲ ತಾರೀಕು ಸಂಬಳ ಬರುವುದು ನಿಂತರೆ ಮನೆಯಲ್ಲಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅವರ ಹೆಂಡತಿ ಆಲಿಸನ್. ಆಕೆ ಆ ವರ್ಷ ಹಾಲು ಬ್ರೆಡ್ಡಿನ ಲೆಕ್ಕ ಹೇಗೆ ಹೊಂದಿಸಿದರೋ ಅಂತ ನನ್ನ ಯೋಚನೆ ಹೋಯಿತು. ಸಂಗೀತದ ಪುಸ್ತಕಗಳಲ್ಲಿ ಇಂಥ ಲೆಕ್ಕ ಬರೆಯುವುದಿಲ್ಲ.

ಸಂಗೀತ ಬರೆದರೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಹುಡುಗನನ್ನು ಕೇಳಿದೆ. ಅದು ನಮ್ಮ ಚೀಟಿ ಹಾಕುವ ಹಾಗೇ ಇದೆ. ಒಂದು ಶಾಲೆಗೋ ಕಾಲೇಜಿಗೋ ಹೊಸ ಕೃತಿ ಬೇಕು, ಪೂರ್ತಿ ಹಣ ಕೊಡುವ ಶಕ್ತಿಯಿಲ್ಲ. ಆಗ ಆ ಬ್ಯಾಂಡ್ ಮೇಷ್ಟ್ರು ಬೇರೆ ಬೇರೆ ಊರಿನ ಮೇಷ್ಟ್ರುಗಳಿಗೆ ಬರೆದು ಹತ್ತಾರು ಶಾಲೆಗಳನ್ನು ಸೇರಿಸುತ್ತಾರೆ, ತಲಾ ಇಷ್ಟಿಷ್ಟು ಅಂತ ಕೂಡಿಹಾಕಿ ರಚನಕಾರರಿಗೆ ಕೊಡುತ್ತಾರೆ. ಕೃತಿ ಬಂದ ಮೇಲೆ ಚೀಟಿಯಲ್ಲಿ ಸೇರಿದ ಶಾಲೆಗಳೆಲ್ಲ ಮೊದಲು ನುಡಿಸುತ್ತವೆ. ನಮ್ಮ ಚೀಟಿಯಲ್ಲಿ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗಿಲ್ಲ, ಇಲ್ಲಿ ಎಲ್ಲರಿಗೂ ಪೂರ್ತಿ ಬರುತ್ತದೆ! ಅರಮನೆ, ಜಮೀನುದಾರರು, ದೊಡ್ಡ ಸಭೆಗಳು ಯಾವುದೂ ಇಲ್ಲದೆ ಮೇಷ್ಟ್ರುಗಳ ಈ ಚಿಲ್ಲರೆ ಕಾಸಿನ ಮೇಲೆ ಮಾಸ್ಲಾಂಕಾ ಇಪ್ಪತ್ತೇಳು ವರ್ಷ ಬದುಕಿದರು.

ಸುಮ್ಮನೆ ಬರೆದು ಅಂಚೆಗೆ ಹಾಕಿ ಕೂರುವವರೂ ಅಲ್ಲ. ತಮ್ಮ ಕೃತಿ ನುಡಿಸುವ ಕಾಲೇಜುಗಳಿಗೆ ಹೋಗಿ, ಅಭ್ಯಾಸದಲ್ಲಿ ಮಕ್ಕಳೊಂದಿಗೆ ಕೂತು ತಿದ್ದುತ್ತಿದ್ದರು. ಇಲಿನಾಯ್ ಸ್ಟೇಟ್ ಯೂನಿವರ್ಸಿಟಿಯ ಸ್ಟೀಫನ್ ಸ್ಟೀಲ್ ಎಂಬ ಬ್ಯಾಂಡ್ ಮೇಷ್ಟ್ರಂತೂ ತಮ್ಮ ವಿದ್ಯಾರ್ಥಿಗಳಿಂದಲೇ ಇವರ ಕೃತಿಗಳನ್ನು ನುಡಿಸಿ ಒಂದರ ಮೇಲೊಂದು ಧ್ವನಿಮುದ್ರಿಕೆ ತಂದರು. ನಾನು ಕೇಳಿದವುಗಳಲ್ಲಿ ಬಹಳಷ್ಟು ಆ ವಿದ್ಯಾರ್ಥಿಗಳು ಊದಿದ್ದೇ. ಬೆಟ್ಟದ ಊರಿಗೆ ಬಂದ ಮೇಲೆ ಅವರ ಸಂಗೀತದಲ್ಲಿ ಒಂದು ಬೆಳಕು ಬಂತು ಅನ್ನಿಸುತ್ತದೆ. 1993ರ ನಾಲ್ಕನೆಯ ಸಿಂಫನಿಯಲ್ಲಿ ಮೊಂಟಾನದ ನೆಲವೇ ಎದ್ದು ಕೂಗಿದ ಹಾಗೆ. ಚರ್ಚಿನ ಒಂದು ಹಳೆಯ ಹಾಡು ಅದರಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಅಬ್ರಹಾಂ ಲಿಂಕನ್ ಅವರ ಶವವನ್ನು ಊರೂರಿಗೆ ಹೊತ್ತು ಸಾಗಿದ ರೈಲಿನ ನೆನಪೂ ಅದರ ಬೆನ್ನಿಗಿದೆಯಂತೆ.

ಸ್ಯಾಕ್ಸೊಫೋನಿಗೂ ಬಹಳ ಬರೆದಿದ್ದಾರೆ. ನಾಲ್ಕು ಸ್ಯಾಕ್ಸೊಫೋನುಗಳಿಗೆಂದೇ 1997ರಲ್ಲಿ ಬರೆದ 'ಮೌಂಟನ್ ರೋಡ್ಸ್' ಕೇಳುವಾಗ ನನಗೆ ನಮ್ಮ ಕದ್ರಿ ಗೋಪಾಲನಾಥರು ಜ್ಞಾಪಕಕ್ಕೆ ಬಂದರು. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ವರ್ಷಾನುಗಟ್ಟಲೆ ಅದರೊಂದಿಗೆ ಗುದ್ದಾಡಿ, ಕರ್ನಾಟಕ ಸಂಗೀತದ ಗಮಕಗಳನ್ನು ಅದರಿಂದ ಹೊರಡಿಸಿದರಲ್ಲ. ಬ್ಯಾಂಡಿನ ವಾದ್ಯವನ್ನು ಕಛೇರಿಗೆ ತಂದು ಕೂರಿಸಿದವರು ನಮ್ಮಲ್ಲೂ ಇದ್ದಾರೆ. ಹುಡುಗನಿಗೆ ಅವರ ಕಛೇರಿ ಹಾಕಿ ತೋರಿಸಿದೆ. ಬಾಯಿ ಬಿಟ್ಟುಕೊಂಡು ನೋಡಿದ.

ಮಾಸ್ಲಾಂಕಾ ಅವರ ಒಂದು ನಿತ್ಯವಿಧಿ ನನಗೆ ತುಂಬ ಮೆಚ್ಚಿಕೆಯಾಯಿತು. ಇನ್ನೂರೈವತ್ತು ಮುನ್ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿದ್ದ ಬಾಖ್ ಎಂಬ ಮಹಾ ಸಂಗೀತಗಾರರು ಚರ್ಚಿನಲ್ಲಿ ಜನ ಹಾಡುವ ಸರಳ ಕೀರ್ತನೆಗಳನ್ನು ನಾಲ್ಕು ಕಂಠಗಳಿಗೆ ಹೊಂದಿಸಿದ್ದಾರೆ. ಅಂಥ 371 ಹಾಡುಗಳ ಒಂದು ಪುಸ್ತಕವಿದೆ. ಮಾಸ್ಲಾಂಕಾ ದಿನವೂ ಬರೆಯಲು ಕೂರುವ ಮುಂಚೆ ಅದನ್ನು ತೆಗೆದು, ಒಂದು ದನಿಯನ್ನು ಬಾಯಲ್ಲಿ ಹಾಡುತ್ತ ಮಿಕ್ಕದ್ದನ್ನು ಪಿಯಾನೋದಲ್ಲಿ ನುಡಿಸುತ್ತಿದ್ದರು. ಮುಗಿದರೆ ಮತ್ತೆ ಮೊದಲಿಂದ. ಇಷ್ಟು ಓದಿದವರು, ಇಷ್ಟು ಬರೆದವರು, ದಿನಾ ಸರಳೆ ವರಸೆಗೆ ಕೂತ ಹಾಗೆ! ನಮ್ಮ ತಂದೆ ಬೆಳಗಿನ ಕಾಫಿಗೆ ಮೊದಲು ಹಿತ್ತಿಲಿಗೆ ಹೋಗಿ ಒಂದೇ ಸ್ವರವನ್ನು ಉಸಿರು ಮುಗಿಯುವ ತನಕ ಹಿಡಿಯುತ್ತಿದ್ದರು. ಹತ್ತು ಸಲ, ಹದಿನೈದು ಸಲ. ಹಾಡೇ ಇಲ್ಲ, ಬರೀ ಸ್ವರ. ಅಕ್ಕಪಕ್ಕದವರು ನಗುತ್ತಿದ್ದರು. ಮದುವೆಯಲ್ಲಿ ಸಿನಿಮಾ ಹಾಡು ಊದುವವನಿಗೆ ಇದೆಲ್ಲ ಯಾಕೆ ಅಂತ. ಹುಡುಗ ಎಡವುತ್ತಿದ್ದ ಜಾಗಕ್ಕೆ ನಾನು ಕೊಟ್ಟ ಮದ್ದೂ ಅದೇ. ಮೊದಲು ಹಾಡು ಬಿಡು, ಸ್ವರ ಹಿಡಿ. ಹದಿನೈದು ದಿನದಲ್ಲಿ ದಾಟಿದ. "ನಿಮಗೆ ಯಾರು ಹೇಳಿಕೊಟ್ಟರು?" ಅಂದ. ನಿನ್ನ ತಾತ ಅಂದೆ. ಆಮೇಲೆ ತಂಗಿಯ ಮುಖ ನೋಡಿದೆ. ಅವಳು ಮಾತ್ರೆ ನುಂಗಲು ನೀರು ತರಲು ಎದ್ದು ಹೋದಳು.

ಅವನು ತಿದ್ದುತ್ತಿದ್ದ ಆ ಕೃತಿಯ ಹೆಸರು 'ಗಿವ್ ಅಸ್ ದಿಸ್ ಡೇ', 2005ರದ್ದು. ಅದನ್ನು ಚೀಟಿ ಕೂಡಿಸಿ ಬರೆಸಿದ್ದು ಕ್ಯಾಲಿಫೋರ್ನಿಯದ ಒಂದು ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರು. ಆ ದೊಡ್ಡ ಕೃತಿ ಹುಟ್ಟಿದ್ದು ಹೈಸ್ಕೂಲ್ ಮಕ್ಕಳಿಗಾಗಿ! ಹೆಸರು ಕ್ರೈಸ್ತರ ಪ್ರಾರ್ಥನೆಯಿಂದ ಬಂದದ್ದು. ದಿನದ ರೊಟ್ಟಿಯನ್ನು ಈ ದಿನ ಕೊಡು ಎಂದು ದೇವರನ್ನು ಬೇಡುತ್ತಾರಲ್ಲ, ಅದು. ಆದರೆ ಪ್ರೇರಣೆ ಒಬ್ಬ ಬೌದ್ಧ ಸನ್ಯಾಸಿಯಿಂದ. ವಿಯಟ್ನಾಮಿನ ತಿಕ್ ನ್ಯಾಟ್ ಹಾನ್ ಎಂಬುವರು. 2022ರಲ್ಲಿ ತೀರಿಕೊಂಡರು. ಪಾತ್ರೆ ತೊಳೆಯುವಾಗ ಪಾತ್ರೆ ತೊಳೆಯುವುದರಲ್ಲೇ ಮನಸ್ಸಿರಲಿ ಅಂತ ಬೋಧಿಸಿದವರು. (ನಮ್ಮನ್ನು ಕೇಳಿದ್ದರೆ ನಾವೂ ಹೇಳುತ್ತಿದ್ದೆವು.) ಕಾಲು ಗಂಟೆಯ ಕೃತಿ, ಎರಡು ಭಾಗ. ಮೊದಲನೆಯದು ತೀರಾ ನಿಧಾನ. ಎರಡನೆಯದು ನುಗ್ಗುತ್ತ ನುಗ್ಗುತ್ತ ಹೋಗಿ ಕಡೆಗೆ ಬಾಖರ ಪುಸ್ತಕದ ಹಾಡಿಗೆ ಬಂದು ಸೇರುತ್ತದೆ.

ಏಪ್ರಿಲ್ ಕೊನೆಯಲ್ಲಿ ಶಾಲೆಯ ಕಾರ್ಯಕ್ರಮ. ತಂಗಿ ಬರುವುದಿಲ್ಲ, ಕೂರಲು ಆಗುವುದಿಲ್ಲ ಅಂದಳು. ಹೊರಡುವ ಹೊತ್ತಿಗೆ ಸೀರೆ ಉಟ್ಟು ನಿಂತಿದ್ದಳು, ನಾವು ಯಾರೂ ಮಾತಾಡಲಿಲ್ಲ. ವೇದಿಕೆಯ ಮೇಲೆ ಐವತ್ತು ಅರವತ್ತು ಮಕ್ಕಳು ಕಪ್ಪು ಬಟ್ಟೆಯಲ್ಲಿ ಕೂತಿದ್ದಾರೆ. ಜನ ಕೆಮ್ಮಲೂ ಹೆದರಿ ಕೇಳುತ್ತಿದ್ದಾರೆ. ಯಾರೂ ಕುಣಿಯಲಿಲ್ಲ, ನೋಟು ಎಸೆಯಲಿಲ್ಲ. ಮೊದಲ ಭಾಗದಲ್ಲಿ ಒಂದೊಂದೇ ವಾದ್ಯ ಮೆಲ್ಲಗೆ ಎದ್ದು ಬಂದಾಗ ತಂಗಿ ನನ್ನ ಕೈ ಹಿಡಿದುಕೊಂಡಳು. ಅವಳ ಉಗುರು ನಾಟುತ್ತಿತ್ತು, ಆದರೂ ಬಿಡಿಸಿಕೊಳ್ಳಲಿಲ್ಲ.

ಮುಗಿದ ಮೇಲೆ ಹೊರಗೆ ಉದ್ದ ಮೇಜು ಹಾಕಿ ತಾಯಂದಿರು ಊಟ ಬಡಿಸಿದರು. ಅಲ್ಲಿ ಬ್ಯಾಂಡಿನ ಮಕ್ಕಳಿಗೇ ಮೊದಲ ಸಾಲು, ನಾವೆಲ್ಲ ಆಮೇಲೆ. ತಂಗಿ ಅದನ್ನು ನೋಡುತ್ತ ನಿಂತುಬಿಟ್ಟಳು. ಕಾರಿನಲ್ಲಿ ಬರುವಾಗ "ಅಪ್ಪ ಇದನ್ನ ಕೇಳಿದ್ರೆ ಏನನ್ನೋರೇ?" ಅಂದಳು. "ಊಟ ಹಾಕ್ತಾರಾ ಅಂತ ಮೊದಲು ಕೇಳೋರು" ಅಂದೆ. ನಕ್ಕೆವು, ಅತ್ತೆವು. ಹಿಂದಿನ ಸೀಟಿನಲ್ಲಿದ್ದ ಹುಡುಗ ಏನು ಏನು ಅಂತ ಕೇಳುತ್ತಿದ್ದ. ಆ ರಾತ್ರಿ ಅವಳು ಅವನಿಗೆ ಚತ್ರದ ಕಥೆ ಹೇಳಿದಳು. ನೀರು ಸಾರಿನವರೆಗೂ, ಒಂದನ್ನೂ ಬಿಡದೆ. ಮುಂದಿನ ವರ್ಷದ ವಿಷಯಗಳ ಕಾಗದ ಫ್ರಿಜ್ಜಿನ ಮೇಲೆ ಎರಡು ವಾರ ಹಾಗೇ ಇತ್ತು, ನಾನು ಹೊರಡುವ ಮುಂಚೆ ಅದರಲ್ಲಿ ಬ್ಯಾಂಡಿನ ಮುಂದೆ ಗುರುತು ಬಿದ್ದಿತ್ತು.

ಇನ್ನು ಮಾಸ್ಲಾಂಕಾ ಅವರ ಕೊನೆಯ ದಿನಗಳು. ಹತ್ತನೆಯ ಸಿಂಫನಿಗೆ ಯೂಟಾ ಯೂನಿವರ್ಸಿಟಿಯವರು ಮುಂದೆ ನಿಂತು ಚೀಟಿ ಕೂಡಿಸಿದ್ದರು. ಬರೆಯುವ ಕಾಲಕ್ಕೆ ಆಲಿಸನ್ ಅವರ ಕಾಯಿಲೆ ಹೆಚ್ಚಾಯಿತು. ಮೊದಲ ಭಾಗಕ್ಕೆ ಹೆಂಡತಿಯ ಹೆಸರನ್ನೇ ಇಟ್ಟರು. ಕೇಳಿದರೆ ಮೃದುವಾದ ಶೋಕಗೀತೆಯಲ್ಲ ಅದು. ಸಿಟ್ಟು, ಹಟ, ದೇವರನ್ನು ಹಿಡಿದು ಜಗ್ಗಿ ಕೇಳಿದ ಹಾಗೆ. ಇದರಲ್ಲಿ ನಗಾರಿಯ ಅಬ್ಬರ ನನಗೆ ಅತಿ ಅನ್ನಿಸಲಿಲ್ಲ. ಎರಡನೆಯ ಭಾಗ ಅರ್ಧ ಆಗಿತ್ತು. ಅಷ್ಟರಲ್ಲಿ ಅವರಿಗೇ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. 2017ರ ಜುಲೈ ತಿಂಗಳ ಮೊದಲಲ್ಲಿ ಆಲಿಸನ್ ಹೋದರು. ಆಗಸ್ಟ್ ತಿಂಗಳ ಮೊದಲಲ್ಲಿ ಇವರು. ನಡುವೆ ಒಂದೇ ತಿಂಗಳು.

ಅವರ ಮಗ ಮ್ಯಾಥ್ಯೂ ಬಹಳ ಕಾಲದಿಂದ ತಂದೆಯ ಬರಹಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದವರು. ಅಪ್ಪನ ಕೈಬರಹ, ಅಪ್ಪನ ಅಭ್ಯಾಸ ಎಲ್ಲ ಗೊತ್ತು. ಮಿಕ್ಕ ಭಾಗಗಳ ಕರಡು ಟಿಪ್ಪಣಿಗಳು ಮಾತ್ರ ಉಳಿದಿದ್ದವು. ತಾಯಿ ತಂದೆ ಇಬ್ಬರನ್ನೂ ಒಂದೇ ಬೇಸಿಗೆಯಲ್ಲಿ ಕಳೆದುಕೊಂಡ ಮಗ ಆ ಟಿಪ್ಪಣಿಗಳನ್ನು ಹರಡಿಕೊಂಡು ಕೂತು ಸಿಂಫನಿಯನ್ನು ಪೂರ್ತಿ ಮಾಡಿದರು. ಮೂರನೆಯ ಭಾಗಕ್ಕೆ ತಂದೆಯ ಹೆಸರು, ಡೇವಿಡ್. ಇಡೀ ಕೃತಿಗೆ 'ದಿ ರಿವರ್ ಆಫ್ ಟೈಮ್' ಎಂದು ಹೆಸರು, ಕಾಲದ ಹೊಳೆ. 2018ರ ಏಪ್ರಿಲ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಸ್ಕಾಟ್ ಹೇಗನ್ ಅವರ ನೇತೃತ್ವದಲ್ಲಿ ಯೂಟಾದ ವಿದ್ಯಾರ್ಥಿಗಳು ಅದನ್ನು ಮೊದಲ ಸಲ ನುಡಿಸಿದರು.

ನಾನು ಊರಿಗೆ ಹೊರಡುವ ಎರಡು ದಿನ ಮುಂಚೆ ಹುಡುಗ ಅದನ್ನು ಹಾಕಿದ. ತಂಗಿ ಒಗ್ಗರಣೆಗೆ ಇಟ್ಟಿದ್ದ ಎಣ್ಣೆಯ ಉರಿ ಸಣ್ಣ ಮಾಡಿ ಬಾಗಿಲಲ್ಲಿ ನಿಂತಳು. "ಇದರಲ್ಲಿ ಅಪ್ಪ ಬರೆದದ್ದು ಎಲ್ಲಿಗೆ ಮುಗೀತು, ಮಗ ಬರೆದದ್ದು ಎಲ್ಲಿಂದ ಶುರು? ಗೊತ್ತಾಗುತ್ತೇನೋ?" ಅಂತ ಕೇಳಿದಳು. ಎರಡನೆಯ ಭಾಗದ ನಡುವೆಯೇ ಎಲ್ಲೋ ಇರಬೇಕಮ್ಮ, ಹುಡುಕೋಣ ಅಂತ ಅವನು ಮತ್ತೆ ಹಿಂದಕ್ಕೆ ತಿರುಗಿಸಿದ. ಅವಳು ಹೋಗಿ ಒಲೆ ಆರಿಸಿ ಬಂದು ಕೂತಳು.